ಭಂಗಾರದವರೂ (ಗುಜರಿಯವರೂ) ಒಯ್ಯದ ಸಾಮಾನು ಕಲಬುರಗಿಯಲ್ಲಿ ಯಾರಿಗೆ ಕೊಡಬೇಕು?

ಬ್ರಹ್ಮಪುರ ಓಣಿ
ಎಲ್ಲರಿಗೂ ನಮಸ್ಕಾರ. ಬ್ರಹ್ಮಪುರದಲ್ಲಿ ಅಪ್ಪ, ಅವ್ವ ಇದ್ದ ಹಳೇ ಮನೆ ಖಾಲಿ ಮಾಡುತ್ತಿದ್ದೇವೆ. ಇಬ್ಬರೂ ಈಗ ನಮ್ಮ ಜೊತೆಗೇ ಇರುತ್ತಾರೆ. ಕಬ್ಬಿಣ, ರದ್ದಿ ಪೇಪರ್, ಹಿತ್ತಾಳೆ ಭಾಂಡೆ, ಪ್ಲಾಸ್ಟಿಕ್ ಕೊಡ ಎಲ್ಲ ಭಂಗಾರದ ಗಾಡಿಯವರು ತೂಕ ಹಾಕಿ ಒಯ್ದರು. ಅವರು ಕೈಯಲ್ಲಿ ಹಿಡಿದು ನೋಡಿ, ಇದು ಬೇಡ ಅಂತ ಬಿಟ್ಟು ಹೋದದ್ದು ಪಡಸಾಲೆ ತುಂಬ ಇದೆ.

ಸುಟ್ಟ ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬು, ತಾರೀಕು ಮುಗಿದ ಗುಳಿಗೆ ಮತ್ತು ಸಿರಪ್, ಅಪ್ಪನ ಇನ್ಸುಲಿನ್ ಸೂಜಿ, ರಿಮೋಟ್ ಸೆಲ್ಲು, ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿ, ಪಾದರಸದ ಥರ್ಮಾಮೀಟರ್, ದೊಡ್ಡ ಡಬ್ಬಾ ಟಿವಿ, ಥರ್ಮಾಕೋಲ್, ಕ್ಯಾಸೆಟ್, ಗಾದಿ, ಅವ್ವನ ಹರಿದ ಸೀರೆಗಳು, ಗಾಜು ಒಡೆದ ದೇವರ ಫೋಟೋ.

ಎಲ್ಲ ಒಂದೇ ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಟುಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅದನ್ನು ಕೈಯಿಂದ ಆರಿಸುವವರು ಇದ್ದಾರೆ ಅಲ್ವಾ. ಊರಲ್ಲೇ ದಾರಿ ಇದ್ದರೆ ಹೇಳಿ. ಬೆಂಗಳೂರಿನ ವಿಳಾಸ ಬೇಡ.

ಗಂಜ್ ಹುಡುಗ
ಅಣ್ಣಾ, ನೀವು ಎಷ್ಟೇ ಬೇರೆ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಎಲ್ಲ ಒಂದಾಗುತ್ತದೆ. ನಮ್ಮ ಓಣಿಯಲ್ಲಿ ದಿನಾ ನೋಡುತ್ತೇನೆ. ಹಸಿ ಕಸ, ಒಣ ಕಸ ಎರಡು ಡಬ್ಬಿ ಇಟ್ಟವರದ್ದೂ ಒಂದೇ ಕಡೆ ಸುರಿಯುತ್ತಾರೆ. ಕೊನೆಗೆ ಎಲ್ಲ ಉದನೂರಿನ ಕಸದ ಗುಡ್ಡೆಗೇ ಹೋಗುವುದು. ಸುಮ್ನೆ ಯಾಕೆ ಇಷ್ಟು ತ್ರಾಸು?

ಆಳಂದ ನಾಕಾ
ಗಂಜ್ ಹುಡುಗ ಅವರೇ, ಎಲ್ಲ ಓಣಿಯಲ್ಲೂ ಹಾಗಿಲ್ಲ. ನಮ್ಮ ಗಾಡಿಯ ಹಿಂದೆ ನಿಂತು ಬರುವ ಅಕ್ಕ ಒಣ ಕಸವನ್ನು ಗಾಡಿಯ ಪಕ್ಕಕ್ಕೆ ಕಟ್ಟಿದ ಬೇರೆ ಚೀಲಕ್ಕೆ ಹಾಕುತ್ತಾರೆ. ಹಾಲಿನ ಪಾಕೀಟು, ನೀರಿನ ಬಾಟಲಿ, ರಟ್ಟು. ಅದನ್ನು ಮಾರಿದರೆ ಅವರಿಗೆ ನಾಲ್ಕು ಕಾಸು ಸಿಗುತ್ತದೆ. ನೀವು ಮೊಸರನ್ನ ಮೆತ್ತಿದ ಪಾಕೀಟು ಕೊಟ್ಟರೆ ಅವರೂ ಎತ್ತಿ ಒಳಗೆ ಎಸೆಯುತ್ತಾರೆ. ತೊಳೆದು ಒಣಗಿಸಿ ಕೊಟ್ಟು ನೋಡಿ, ಆಮೇಲೆ ಹೇಳಿ.

ಹಾಲಿನ ಪಾಕೀಟಿನ ಮೂಲೆ ಪೂರ್ತಿ ಕತ್ತರಿಸಬೇಡಿ. ಆ ಚಿಕ್ಕ ತುಂಡು ಪಾಕೀಟಿಗೇ ಅಂಟಿಕೊಂಡಿರಲಿ. ಬೇರೆಯಾದರೆ ಆ ತುಂಡನ್ನು ಯಾರೂ ಆರಿಸುವುದಿಲ್ಲ. ಚರಂಡಿ ಸೇರುತ್ತದೆ, ಇಲ್ಲ ದನದ ಹೊಟ್ಟೆ ಸೇರುತ್ತದೆ.

ಗಂಜ್ ಹುಡುಗ
ನಿಮ್ಮ ಓಣಿ ಪುಣ್ಯ ಮಾಡಿದೆ. ನಮ್ಮ ಕಡೆ ಹಾಗಿಲ್ಲ. ಜನರಿಗೆ ಬೇರೆ ಮಾಡಿ ಅಂತ ಹೇಳುವ ಮೊದಲು ಗಾಡಿಯಲ್ಲಿ ಎರಡು ಭಾಗ ಮಾಡಿಸಲಿ. ಇದು ನನ್ನ ಮಾತು.

ವಿಜ್ಞಾನ ಮೇಷ್ಟ್ರು
ಇಬ್ಬರ ಮಾತೂ ನಿಜ. 2026ರ ಮಾರ್ಚ್ ತನಕ ಜಾರಿಯಲ್ಲಿದ್ದ 2016ರ ಘನ ತ್ಯಾಜ್ಯ ನಿಯಮದಲ್ಲೇ ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ ಕೊಡಬೇಕು ಅಂತ ಇತ್ತು. ಅದೇ ನಿಯಮದಲ್ಲಿ ಊರಿನ ಆಡಳಿತ ಅದನ್ನು ಬೇರೆಯಾಗಿಯೇ ಒಯ್ಯಬೇಕು ಅಂತಲೂ ಇತ್ತು. ಗಂಜ್ ಹುಡುಗ ಕೇಳುತ್ತಿರುವುದು ಹಕ್ಕಿನ ಮಾತು. ಕೇಳಲೇಬೇಕು. ಆದರೆ ಅಲ್ಲಿ ಸರಿಹೋಗುವ ತನಕ ಸೂಜಿ, ಪಾದರಸ, ಬ್ಯಾಟರಿಯನ್ನು ಗಾಡಿಗೆ ಹಾಕುತ್ತಾ ಇರೋಣ ಅಂದರೆ ನಾನು ಒಪ್ಪುವುದಿಲ್ಲ. ಅದರ ಪೆಟ್ಟು ಆಡಳಿತಕ್ಕೆ ಬೀಳುವುದಿಲ್ಲ. ಗಾಡಿಯಲ್ಲಿ ನಿಂತವರ ಕೈಗೆ ಬೀಳುತ್ತದೆ.

ಬ್ರಹ್ಮಪುರದವರ ಪಟ್ಟಿಗೆ ಬರೋಣ. ಮೊದಲು ಥರ್ಮಾಮೀಟರ್. ಅದರಲ್ಲಿ ಅರ್ಧ ಗ್ರಾಂನಿಂದ ಒಂದು ಗ್ರಾಂ ತನಕ ಪಾದರಸ ಇರುತ್ತದೆ. ಒಂದು ಸಿಎಫ್ಎಲ್‌ನಲ್ಲಿ ಇರುವುದು ಸುಮಾರು 3ರಿಂದ 5 ಮಿಲಿಗ್ರಾಂ ಅಷ್ಟೇ. ಅಂದರೆ ಆ ಚಿಕ್ಕ ಗಾಜಿನ ಕಡ್ಡಿ ನೂರಾರು ಬಲ್ಬಿಗೆ ಸಮ. ಒಡೆಯದಂತೆ ಹತ್ತಿ ಸುತ್ತಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಮೇಲೆ ಪಾದರಸ ಅಂತ ದೊಡ್ಡದಾಗಿ ಬರೆಯಿರಿ.

ಒಡೆದರೆ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ, ಫ್ಯಾನ್ ಆರಿಸಿ. ಕಸಬರಿಗೆ ಹಾಕಬೇಡಿ, ಗುಂಡು ಒಡೆದು ಇನ್ನೂ ಚಿಕ್ಕದಾಗಿ ಹರಡುತ್ತದೆ. ಎರಡು ರಟ್ಟಿನ ತುಂಡಿನಿಂದ ಗುಂಡುಗಳನ್ನು ಒಂದು ಕಡೆ ದೂಡಿ, ಔಷಧಿ ಹಾಕುವ ಡ್ರಾಪರ್‌ನಿಂದ ಎಳೆದು ಬಾಟಲಿಗೆ ಬಿಡಿ. ಮುಟ್ಟುವ ಮೊದಲು ಉಂಗುರ, ಬಳೆ ತೆಗೆದಿಡಿ. ಪಾದರಸ ಬಂಗಾರಕ್ಕೆ ಹತ್ತಿದರೆ ಅದರೊಳಗೆ ಸೇರಿಕೊಂಡು ಬೆಳ್ಳಗೆ ಮಾಡುತ್ತದೆ, ಒರೆಸಿದರೆ ಹೋಗುವುದಿಲ್ಲ. ನಮ್ಮ ಫರ್ಸಿ ನೆಲದಲ್ಲಿ ಸಂದಿ ಜಾಸ್ತಿ. ಟಾರ್ಚ್ ಹಚ್ಚಿ ಓರೆಯಾಗಿ ಬೆಳಕು ಬಿಟ್ಟರೆ ಸಂದಿಯಲ್ಲಿರುವ ಗುಂಡು ಹೊಳೆಯುತ್ತದೆ.

ಸೇಡಂ ರಸ್ತೆ
ಮೇಷ್ಟ್ರೇ, ಟ್ಯೂಬ್‌ಲೈಟನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತರೆ ಆಯ್ತಲ್ವಾ? ನಮ್ಮ ಮನೆಯಲ್ಲಿ ಹಾಗೇ ಮಾಡುವುದು. ಯಾರ ಕಾಲಿಗೂ ಚುಚ್ಚುವುದಿಲ್ಲ.

ವಿಜ್ಞಾನ ಮೇಷ್ಟ್ರು
ಬೇಡ. ಮಣ್ಣೊಳಗೆ ಗಾಜು ಒಡೆಯುತ್ತದೆ, ಪಾದರಸ ಮಣ್ಣಿಗೆ ಸೇರುತ್ತದೆ. ಅಲ್ಲೇ ಪಕ್ಕದಲ್ಲಿ ಬೋರು ಇರುತ್ತದೆ, ಕರಿಬೇವಿನ ಗಿಡ ಇರುತ್ತದೆ. ಕಾನೂನಿನಲ್ಲಿ ಟ್ಯೂಬ್‌ಲೈಟ್, ಸಿಎಫ್ಎಲ್ ಎರಡೂ ಇ-ತ್ಯಾಜ್ಯ, ಅಂದರೆ ಕರೆಂಟಿನ ಸಾಮಾನಿನ ಕಸ. ಹೊಸ ಟ್ಯೂಬು ಬಂದ ರಟ್ಟಿನ ಕವಚದೊಳಗೇ ಹಳೆಯದನ್ನು ತೂರಿಸಿ ನಿಲ್ಲಿಸಿಡಿ. ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ, ಅದಕ್ಕೆ ಇಷ್ಟು ಗಾಬರಿ ಬೇಡ. ಅದೂ ಇ-ತ್ಯಾಜ್ಯಕ್ಕೇ ಹೋಗಬೇಕು.

ಔಷಧಿ ಅಂಗಡಿ
ಗುಳಿಗೆ ವಿಷಯಕ್ಕೆ ನಾನು ಹೇಳುತ್ತೇನೆ. ದಿನಾ ಯಾರಾದರೂ ಬಂದು ವಾಪಸ್ ತಗೊಳ್ರೀ ಅಂತಾರೆ. ಗಿರಾಕಿ ಮನೆಯಿಂದ ಬಂದ ಗುಳಿಗೆಯನ್ನು ನಾವು ಮತ್ತೆ ಮಾರುವಂತಿಲ್ಲ. ಕೇರಳದಲ್ಲಿ ಸರ್ಕಾರವೇ ಮನೆಗಳಿಂದ ಹಳೇ ಔಷಧಿ ಸಂಗ್ರಹ ಮಾಡುವ ಯೋಜನೆ ಶುರು ಮಾಡಿದೆ. ನಮ್ಮ ಕಡೆಯೂ ಬರಬೇಕು.

ಈಗ ಮನೆಯಲ್ಲಿ ಮಾಡಬಹುದಾದದ್ದು ಹೀಗೆ. ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ. ಕುಡಿದು ಉಳಿದ ಚಹಾಪುಡಿ ಅಥವಾ ಒದ್ದೆ ಮಣ್ಣಿನ ಜೊತೆ ಕಲಸಿ. ದನ, ನಾಯಿ, ಮಕ್ಕಳು ಯಾರಿಗೂ ಬಾಯಿಗೆ ಹಾಕಬೇಕು ಅನ್ನಿಸಬಾರದು. ಒಂದು ಚೀಲದಲ್ಲಿ ಗಂಟು ಕಟ್ಟಿ ಬೇರೆಯಾಗಿ ಕೊಡಿ. ಸಿರಪ್ಪನ್ನೂ ಮಣ್ಣಿಗೆ ಸುರಿದು ಅದೇ ರೀತಿ ಕಟ್ಟಿ. ಬಾಟಲಿ ತೊಳೆದರೆ ಭಂಗಾರಕ್ಕೆ ಹೋಗುತ್ತದೆ. ಡಬ್ಬಿಯ ಮೇಲಿನ ಹೆಸರು, ಫೋನ್ ನಂಬರ್ ಗೀಚಿ ಹಾಕಿ.

ಸೇಡಂ ರಸ್ತೆ
ಇಷ್ಟೆಲ್ಲ ಯಾಕೆ, ಸಂಡಾಸದಲ್ಲಿ ಹಾಕಿ ನೀರು ಬಿಟ್ಟರೆ ಮುಗಿಯಿತು.

ಔಷಧಿ ಅಂಗಡಿ
ಅದನ್ನೇ ಮಾಡಬಾರದು ರೀ. ಆ್ಯಂಟಿಬಯೋಟಿಕ್ ಚರಂಡಿ ನೀರಿಗೆ ಸೇರಿದರೆ ಅಲ್ಲಿರುವ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ನಾಳೆ ನಿಮಗೆ ಜ್ವರ ಬಂದಾಗ ಅದೇ ಗುಳಿಗೆ ಕೆಲಸ ಮಾಡುವುದಿಲ್ಲ. ಟ್ರಮಡಾಲ್, ಮಾರ್ಫಿನ್ ತರಹದ ಬಲವಾದ ನೋವಿನ ಔಷಧಿಗಳು ಬೇರೆ. ಮನೆಯಲ್ಲಿ ಬಿದ್ದಿದ್ದರೆ ಇನ್ನೊಬ್ಬರ ಜೀವಕ್ಕೆ ಅಪಾಯ. ಅಂತಹ 17 ಔಷಧಿಗಳನ್ನು ಮಾತ್ರ ನೀರಿಗೆ ಬಿಡಿ ಅಂತ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಕೊಟ್ಟಿದೆ. ಆ ಪಟ್ಟಿಯಲ್ಲಿ ಇಲ್ಲದ್ದು ಯಾವುದೂ ಸಂಡಾಸಕ್ಕೆ ಬೇಡ.

ಇನ್ಸುಲಿನ್ ಸೂಜಿಗೆ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಬೇಕು. ಪಿನಾಯಿಲ್ ಬಾಟಲಿ ಆಗುತ್ತದೆ, ತೆಳ್ಳಗಿನ ನೀರಿನ ಬಾಟಲಿ ಬೇಡ. ಸೂಜಿಗೆ ಮತ್ತೆ ಟೋಪಿ ಹಾಕಲು ಹೋಗಬೇಡಿ, ಅಲ್ಲೇ ಚುಚ್ಚಿಕೊಳ್ಳುವುದು. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ ಸೂಜಿ ಅಂತ ಬರೆಯಿರಿ. ನೀವು ತೋರಿಸುವ ಆಸ್ಪತ್ರೆಯಲ್ಲಿ ಕೇಳಿ, ಅವರ ಸೂಜಿ ಕಸ ಒಯ್ಯಲು ಬೇರೆ ಗಾಡಿ ಬರುತ್ತದೆ. ನಮ್ಮ ಗಿರಾಕಿಗಳಲ್ಲಿ ಕೆಲವರದ್ದು ಹಾಗೆ ಹೋಗುತ್ತಿದೆ.

ಕಸದ ಗಾಡಿ ಮನೆಯವಳು
ನಾನು ಇಲ್ಲಿ ಬರೆಯುವುದು ಕಡಿಮೆ, ಓದುತ್ತೇನೆ ಅಷ್ಟೇ. ನನ್ನ ಅತ್ತೆ ಪೌರಕಾರ್ಮಿಕರು. ಸೂಜಿ ಚುಚ್ಚಿಕೊಂಡು ಮನೆಗೆ ಬಂದಿದ್ದರು. ರಕ್ತ ಪರೀಕ್ಷೆ ಮಾಡಿಸಿ, ಮತ್ತೆ ತಿಂಗಳುಗಟ್ಟಲೆ ಬಿಟ್ಟು ಇನ್ನೊಮ್ಮೆ ಮಾಡಿಸುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ದೇವರ ದಯೆ, ಏನೂ ಆಗಲಿಲ್ಲ. ಸೂಜಿ ಇದ್ದದ್ದು ಮಕ್ಕಳ ಡೈಪರ್ ಜೊತೆ ಒಂದೇ ಚೀಲದಲ್ಲಿ. ಕೈಗವಸು ಹಾಕಿದ್ದರು, ಸೂಜಿ ಅದನ್ನೂ ದಾಟಿತು.

ಪ್ಯಾಡು, ಡೈಪರ್ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಿಂದ ಒಂದು ಗುಂಡು ಗುರುತು ಹಾಕಿ. ಒಡೆದ ಗಾಜನ್ನು ರಟ್ಟಿನಲ್ಲಿ ಸುತ್ತಿ, ಗಾಜು ಅಂತ ಕೂಗಿ ಹೇಳಿ ಕೈಗೆ ಕೊಡಿ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಹಾರ ಹಾಕುತ್ತಾರೆ, ಸಂತೋಷ. ಹಾರಕ್ಕಿಂತ ಈ ಕೆಂಪು ಗುರುತು ನಮಗೆ ಜಾಸ್ತಿ ಉಪಯೋಗ.

ಬ್ರಹ್ಮಪುರ ಓಣಿ
ತಂಗಿ, ನಿಮ್ಮ ಮಾತು ಓದಿ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸೂಜಿ ಎಲ್ಲ ಈಗ ಪಿನಾಯಿಲ್ ಬಾಟಲಿಗೆ ಹೋದವು. ಆಸ್ಪತ್ರೆಯಲ್ಲಿ ಕೇಳುತ್ತೇನೆ.

ಫ್ರಿಜ್ ರಿಪೇರಿ
ಡಬ್ಬಾ ಟಿವಿ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಹಿಂದಿನ ದೊಡ್ಡ ಗಾಜಿನ ಬುರುಡೆಯೊಳಗೆ ಗಾಳಿ ಇರುವುದಿಲ್ಲ, ಪೆಟ್ಟು ಬಿದ್ದರೆ ಒಳಕ್ಕೆ ಕುಸಿದು ಗಾಜು ಸಿಡಿಯುತ್ತದೆ. ಆ ಗಾಜಿನಲ್ಲಿ ಸೀಸ ಬೇರೆ ಇದೆ, ಒಂದೊಂದು ಟಿವಿಯಲ್ಲಿ ಕೆಜಿಗಟ್ಟಲೆ. ಭಂಗಾರದ ಹುಡುಗರಿಗೆ ಬೇಕಾದದ್ದು ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಮಾತ್ರ. ಅದನ್ನು ಕಿತ್ತು ಗಾಜನ್ನು ನಾಲೆಯ ದಂಡೆಗೆ ಎಸೆಯುತ್ತಾರೆ.

ಫ್ರಿಜ್ ಇದ್ದವರೂ ಕೇಳಿ. ಹಿಂದಿನ ಪೈಪು ಕಟ್ ಮಾಡಿ ಕಂಪ್ರೆಸರ್ ತೆಗೆಯಲು ಬಿಡಬೇಡಿ. 2003ಕ್ಕಿಂತ ಹಳೆಯ ಫ್ರಿಜ್ ಆದರೆ ಒಳಗೆ ಆರ್-12 ಗ್ಯಾಸ್ ಇರಬಹುದು, ಓಜೋನ್ ತೂತು ಮಾಡುವುದು ಅದೇ. ಈಗಿನ ಫ್ರಿಜ್‌ಗಳಲ್ಲಿ ಬಹಳಷ್ಟಕ್ಕೆ ಆರ್-600ಎ ಬರುತ್ತದೆ. ಅದು ಅಡುಗೆ ಗ್ಯಾಸಿನ ಜಾತಿಯದ್ದು, ಕಿಡಿ ತಾಗಿದರೆ ಹೊತ್ತುತ್ತದೆ. ಗ್ಯಾಸ್ ಎಳೆಯುವ ಮಷೀನ್ ಇರುವ ಮೆಕ್ಯಾನಿಕ್ ಹತ್ತಿರ ತೆಗೆಸಿ. ಇನ್ನೂ ಸುಲಭ ಅಂದರೆ ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೊಡಿ.

ಗಂಜ್ ಹುಡುಗ
ಎಕ್ಸ್‌ಚೇಂಜ್‌ಗೆ ಕೊಟ್ಟರೆ ಅಂಗಡಿಯವರು ಅದೇ ಭಂಗಾರಕ್ಕೆ ಮಾರುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಫ್ರಿಜ್ ರಿಪೇರಿ
ಕೆಲವರು ಮಾರುತ್ತಾರೆ, ಇಲ್ಲ ಅನ್ನುವುದಿಲ್ಲ. ಬಿಲ್ಲಿನ ಮೇಲೆ ಹಳೇ ಸಾಮಾನು ತಗೊಂಡದ್ದು ಬರೆಸಿಕೊಳ್ಳಿ. ಇ-ತ್ಯಾಜ್ಯದ 2022ರ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು 21 ಬಗೆಯ ಸಾಮಾನು ಮಾತ್ರ ಇತ್ತು, ಈಗ 106. ಫ್ರಿಜ್, ಟಿವಿ, ಮೊಬೈಲ್, ಮಿಕ್ಸರ್ ಎಲ್ಲ ಬರುತ್ತವೆ. ಮಾಡಿ ಮಾರಿದ ಕಂಪನಿಯೇ ಅದನ್ನು ಮರುಬಳಕೆ ಮಾಡಿಸುವ ಜವಾಬ್ದಾರಿ ಹೊರಬೇಕು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಕಲಬುರಗಿಗೆ ಬರುವುದಿಲ್ಲ ಅಂದರೆ ಇಮೇಲ್ ಹಾಕಿ. ಬರವಣಿಗೆಯಲ್ಲಿ ಕೇಳಿದರೆ ಉತ್ತರ ಬೇರೆ ಇರುತ್ತದೆ.

ಬೆಂಗಳೂರಿನ ಕಲಬುರಗಿಯವ
ಇಲ್ಲಿ ನಮ್ಮ ವಾರ್ಡಿನಲ್ಲಿ ಒಣ ಕಸದ ಕೇಂದ್ರ ಇದೆ, ಸೆಲ್ಲು, ಚಾರ್ಜರ್ ಎಲ್ಲ ಅಲ್ಲೇ ಕೊಡುತ್ತೇವೆ. ಊರಿಗೆ ಬಂದಾಗ ಬೇಜಾರಾಗುತ್ತದೆ. ಬ್ರಹ್ಮಪುರದವರೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಕಲಬುರಗಿಯಲ್ಲೇ ಇದೆ. ಪರವಾನಗಿ ಇರುವ ಇ-ತ್ಯಾಜ್ಯದವರ ಪಟ್ಟಿ ಅವರ ಹತ್ತಿರ ಇರುತ್ತದೆ. ಒಂದು ಮನೆಯ ಸಾಮಾನಿಗೆ ಯಾರೂ ಗಾಡಿ ಕಳಿಸುವುದಿಲ್ಲ. ಓಣಿಯವರು ಸೇರಿ ಒಟ್ಟು ಮಾಡಿದರೆ ಬರುತ್ತಾರೆ.

ಮೊಬೈಲ್ ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಗೂಗಲ್ ಖಾತೆಯಿಂದ ಹೊರಬಂದು ರೀಸೆಟ್ ಮಾಡಿ. ಬ್ಯಾಂಕಿನ ಮೆಸೇಜ್ ಎಲ್ಲ ಅದರಲ್ಲೇ ಇರುತ್ತವೆ.

ಆಳಂದ ನಾಕಾ
ಉಬ್ಬಿದ ಬ್ಯಾಟರಿ ಬಗ್ಗೆ ಯಾರಾದರೂ ಗಟ್ಟಿಯಾಗಿ ಹೇಳಿ. ನಮ್ಮ ಮಗ ಅದನ್ನು ಪಿನ್ನಿನಿಂದ ಚುಚ್ಚಿ ಗಾಳಿ ಬಿಡುತ್ತೇನೆ ಅಂತಿದ್ದ.

ಫ್ರಿಜ್ ರಿಪೇರಿ
ಚುಚ್ಚಿದರೆ ಅಲ್ಲೇ ಬೆಂಕಿ. ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ. ತುದಿಗಳಿಗೆ ಟೇಪ್ ಅಂಟಿಸಿ, ತಗಡಿನ ಡಬ್ಬಿಯಲ್ಲಿ ಒಣ ಉಸುಕು ಹಾಕಿ ಅದರೊಳಗೆ ಇಡಿ. ನೆರಳಿನಲ್ಲಿ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಮಾಳಿಗೆ ಮೇಲಿನ ಕೋಣೆಯಲ್ಲಿ ಇಡಲೇಬೇಡಿ. ಮೊಬೈಲ್ ರಿಪೇರಿ ಅಂಗಡಿಯವರು ಹೆಚ್ಚಿನವರು ತಗೊಳ್ಳುತ್ತಾರೆ.

ಇನ್ವರ್ಟರ್ ಬ್ಯಾಟರಿಯದ್ದು ಗೊಂದಲವೇ ಇಲ್ಲ. 2001ರಿಂದಲೂ ಹಳೇ ಬ್ಯಾಟರಿ ವಾಪಸ್ ತಗೊಳ್ಳಬೇಕು ಅಂತ ನಿಯಮ ಇದೆ, 2022ರಲ್ಲಿ ಹೊಸ ನಿಯಮದಲ್ಲಿ ಎಲ್ಲ ಬಗೆಯ ಬ್ಯಾಟರಿಯೂ ಬಂತು. ಹೊಸದು ಕೊಡುವ ಅಂಗಡಿಯಲ್ಲೇ ಹಳೆಯದರ ದುಡ್ಡು ಮುರಿದುಕೊಳ್ಳಿ. ಭಂಗಾರದಲ್ಲಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಕೊಟ್ಟರೆ ಆ್ಯಸಿಡ್ ಅಲ್ಲೇ ಮಣ್ಣಿಗೆ ಚೆಲ್ಲಿ ಸೀಸ ಕರಗಿಸುತ್ತಾರೆ. ಆ ಹೊಗೆ ಕುಡಿಯುವುದು ಅಲ್ಲೇ ಆಡುವ ಮಕ್ಕಳು.

ಕೌದಿ ಅಕ್ಕ
ಸೀರೆ ಬಿಸಾಡಬೇಡಿ ತಮ್ಮಾ! ನಿಮ್ಮ ಅವ್ವನ ಸೀರೆಯಲ್ಲಿ ಕಾಟನ್ ಯಾವುದು ಇದೆಯೋ ಅದನ್ನೆಲ್ಲ ತೆಗೆದಿಡಿ, ಕೌದಿ ಹೊಲಿಸಿ. ಮೇಲೊಂದು, ಕೆಳಗೊಂದು ಗಟ್ಟಿ ಸೀರೆ, ನಡುವೆ ಹರಿದ ಅರಿವಿ ಹಾಸಿ, ನಾಲ್ಕು ಕಡೆಯಿಂದ ಒಳಗೆ ಸುತ್ತುತ್ತಾ ಹೊಲಿಗೆ ಹಾಕುತ್ತಾ ಬರುವುದು. ಹಳ್ಳಿಯಲ್ಲಿ ಈಗಲೂ ಹೊಲಿಯುವ ಅಮ್ಮಂದಿರು ಇದ್ದಾರೆ, ಕೂಲಿ ಕೊಟ್ಟರೆ ಛಂದ ಹೊಲಿದು ಕೊಡುತ್ತಾರೆ. ಪಾಲಿಯೆಸ್ಟರ್ ಸೀರೆ ಬೇಸಿಗೆಗೆ ಮೈಗೆ ಹತ್ತುವುದಿಲ್ಲ, ಬೆವರು ಎಳೆಯುವುದಿಲ್ಲ. ಅದನ್ನು ಭಾಂಡೆ ಹೊತ್ತು ಬರುವ ಹೆಂಗಸರಿಗೆ ಕೊಡಿ. ಅವರ ಜೊತೆ ಜಾಸ್ತಿ ಚೌಕಾಶಿ ಮಾಡಬೇಡಿ, ತಲೆ ಮೇಲೆ ಹೊತ್ತು ಬಿಸಿಲಲ್ಲಿ ತಿರುಗುತ್ತಾರೆ.

ಗಾದಿ ಹತ್ತಿಯದ್ದಾ, ಫೋಮಿನದ್ದಾ?

ಬ್ರಹ್ಮಪುರ ಓಣಿ
ಹತ್ತಿಯದ್ದು ಅಕ್ಕಾ, ಗಂಟು ಗಂಟಾಗಿದೆ.

ಕೌದಿ ಅಕ್ಕ
ಹಾಗಾದರೆ ಅದು ಕಸವೇ ಅಲ್ಲ. ಹತ್ತಿ ಹಿಂಜುವ ಅಂಗಡಿಗೆ ಒಯ್ಯಿರಿ, ಗಂಟು ಬಿಡಿಸಿ ಹೊಸ ಖೋಲಿಗೆ ತುಂಬಿ ಕೊಡುತ್ತಾರೆ. ಹೊಸ ಹತ್ತಿ ಸ್ವಲ್ಪ ಸೇರಿಸಿ ಅಂತಾರೆ, ಸೇರಿಸಿ. ಫೋಮ್ ಗಾದಿಗೆ ಮಾತ್ರ ದಾರಿ ಇಲ್ಲ. ಅದಕ್ಕೇ ನಮ್ಮ ಮನೆಗೆ ನಾನು ತರಿಸುವುದಿಲ್ಲ.

ಶಹಾಪುರ ರೈತ
ಪಟ್ಟಣದವರ ಮಾತು ಆಯ್ತು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ತೊಗರಿಗೆ ಹೊಡೆಯುವ ಔಷಧಿ ಡಬ್ಬಿಯದ್ದು ದೊಡ್ಡ ತೊಂದರೆ. ಹೊಲದ ಬದುವಿಗೆ ಎಸೆಯುತ್ತಾರೆ. ಕೆಲವರು ತೊಳೆದು ಮನೆಗೆ ತಂದು ಸೀಮೆಎಣ್ಣೆ, ಅಡುಗೆ ಎಣ್ಣೆ ತುಂಬುತ್ತಾರೆ, ಕೂಲಿಗೆ ಹೋಗುವಾಗ ಕುಡಿಯುವ ನೀರು ಒಯ್ಯುತ್ತಾರೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಇಳಿದ ವಿಷ ಹೋಗುವುದಿಲ್ಲ. ಡಬ್ಬಿ ಮೇಲೆ ಬಣ್ಣದ ಗುರುತು ನೋಡಿ, ಕೆಂಪು ಇದ್ದರೆ ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು.

ಮಾಡಬೇಕಾದದ್ದು: ಡಬ್ಬಿ ಖಾಲಿಯಾದ ಕೂಡಲೇ ಹೊಲದಲ್ಲೇ ಕಾಲು ಭಾಗ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಮೂರು ಸಲ ಹಾಗೆ ಮಾಡಿ. ಔಷಧಿಯೂ ಉಳಿಯುತ್ತದೆ, ದುಡ್ಡು ಕೊಟ್ಟದ್ದು ಅಲ್ವಾ. ಆಮೇಲೆ ಮೊಳೆಯಿಂದ ತಳಕ್ಕೆ ತೂತು ಹೊಡೆಯಿರಿ, ಇನ್ನೊಬ್ಬರು ಬಳಸುವಂತಿರಬಾರದು. ಹಳ್ಳದಲ್ಲಿ, ಬಾವಿಯಲ್ಲಿ ತೊಳೆಯಬೇಡಿ. ಸುಡಬೇಡಿ. ನಮ್ಮ ಕಾಕಾ ಒಬ್ಬರು ಬದುವಿನಲ್ಲಿ ಡಬ್ಬಿ ರಾಶಿಗೆ ಬೆಂಕಿ ಹಾಕಿ ಆ ಹೊಗೆಗೆ ವಾಂತಿ ಮಾಡಿಕೊಂಡು ಬಿದ್ದಿದ್ದರು.

ಸೇಡಂ ರಸ್ತೆ
ಸುಡುವ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಬೆಳಗಿನ ಜಾವ ವೈರ್ ಸುಡುತ್ತಾರೆ. ತಾಮ್ರ ತೆಗೆಯಲಿಕ್ಕೆ. ಮನೆಯಲ್ಲಿ ಉಬ್ಬಸದ ಮಗು ಇದೆ. ಹೇಳಿದರೆ ಜಗಳಕ್ಕೆ ಬರುತ್ತಾರೆ.

ವಿಜ್ಞಾನ ಮೇಷ್ಟ್ರು
ವೈರಿನ ಮೇಲಿರುವುದು ಪಿವಿಸಿ ಅನ್ನುವ ಪ್ಲಾಸ್ಟಿಕ್. ಸುಟ್ಟರೆ ಡಯಾಕ್ಸಿನ್ ಬರುತ್ತದೆ, ಅದು ಕ್ಯಾನ್ಸರ್ ತರುವ ವಿಷ. ಬಯಲಲ್ಲಿ ಕಸ ಸುಡುವುದು ದಂಡದ ಅಪರಾಧ. ಫೋಟೋ ತೆಗೆದು ಬರವಣಿಗೆಯಲ್ಲಿ ದೂರು ಕೊಡಿ. ಜೊತೆಗೆ ಆ ಹುಡುಗರಿಗೆ ವೈರ್ ಸುಲಿಯುವ ಕೈ ಮಷೀನ್ ಬಗ್ಗೆ ಹೇಳಿ. ಸುಟ್ಟ ತಾಮ್ರಕ್ಕೆ ದರ ಕಡಿಮೆ, ಸುಲಿದ ತಾಮ್ರಕ್ಕೆ ಜಾಸ್ತಿ. ದುಡ್ಡಿನ ಲೆಕ್ಕ ಹೇಳಿದರೆ ಕೇಳುತ್ತಾರೆ.

ವಾಡಿ ಜಂಕ್ಷನ್
ಚಿಪ್ಸ್, ಕುರುಕುರೆ, ಗುಟ್ಕಾ, ಶಾಂಪೂ ಪಾಕೀಟು ಯಾರೂ ಒಯ್ಯುವುದಿಲ್ಲ ಅಲ್ವಾ. ಒಳಗೆ ಬೆಳ್ಳಿ ಬಣ್ಣ ಇರುವ ಪಾಕೀಟು. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಪದರವಾಗಿ ಅಂಟಿರುತ್ತವೆ, ಬಿಡಿಸಲು ಆಗುವುದಿಲ್ಲ. ಆದರೆ ನಮ್ಮ ಜಿಲ್ಲೆಯಷ್ಟು ಅನುಕೂಲ ಬೇರೆ ಕಡೆ ಕಡಿಮೆ. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆ ಇವೆ. ಸಿಮೆಂಟ್ ಗೂಡಿನೊಳಗೆ ಸುಣ್ಣದ ಕಲ್ಲು 1,450 ಡಿಗ್ರಿ ತನಕ ಕಾಯುತ್ತದೆ. ಅಷ್ಟು ಕಾವಿನಲ್ಲಿ ಈ ಪಾಕೀಟು ಪೂರ್ತಿ ಉರಿದು ಕಲ್ಲಿದ್ದಲಿನ ಜಾಗದಲ್ಲಿ ಕೆಲಸ ಮಾಡುತ್ತದೆ, ಬೂದಿಯೂ ಸಿಮೆಂಟಿಗೇ ಸೇರುತ್ತದೆ. ಕಸದಿಂದ ಇಂಧನ ಮಾಡುವ ಘಟಕದಿಂದ 100 ಕಿಲೋಮೀಟರ್ ಒಳಗಿರುವ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇಕಡಾ 5ರಷ್ಟು ಅದನ್ನೇ ಬಳಸಬೇಕು ಅಂತ ಮೇಷ್ಟ್ರು ಹೇಳಿದ 2016ರ ನಿಯಮದಲ್ಲೇ ಇತ್ತು.

ಗೂಡು ನಮ್ಮ ಮನೆ ಬಾಗಿಲಲ್ಲಿದೆ. ಕಸ ಒಣಗಿ, ಬೇರೆಯಾಗಿ ಅಲ್ಲಿಗೆ ತಲುಪಬೇಕು ಅಷ್ಟೇ. ಹಸಿ ಸಾರು ಸುರಿದ ಕಸ ಗೂಡಿಗೆ ಬರುವುದಿಲ್ಲ.

ಗಂಜ್ ಹುಡುಗ
ಅದೇ ನಾನು ಹೇಳಿದ್ದು. ಗಾಡಿಯಲ್ಲಿ ಎರಡು ಭಾಗ ಬೇಕು. ಈಗ ಎಲ್ಲರೂ ನನ್ನ ದಾರಿಗೇ ಬಂದಿರಿ.

ಆಳಂದ ನಾಕಾ
ಬಂದೆವು ತಮ್ಮಾ. ಗಾಡಿಗೆ ಎರಡು ಭಾಗ ಬೇಕು ಅಂತ ಅರ್ಜಿ ನೀವು ಬರೆಯಿರಿ, ಮೊದಲ ಸಹಿ ನನ್ನದು.

ಬೀದರ್ ಕೋಟೆ ಮಂದಿ
ಸ್ವಲ್ಪ ಬೇರೆ ಮಾತು. ಹಿತ್ತಾಳೆ ಭಾಂಡೆ ತೂಕಕ್ಕೆ ಹಾಕಿದೆವು ಅಂದಿರಲ್ಲ, ಅದರಲ್ಲಿ ಬಿದರಿ ಸಾಮಾನು ಇರಲಿಲ್ಲ ತಾನೇ? ಹಳೇ ಮನೆಗಳಲ್ಲಿ ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ ಹೂದಾನಿ, ಡಬ್ಬಿ ಇರುತ್ತವೆ. ಭಂಗಾರದವರು ಸತು ಅಂತ ತೂಗಿ ಒಯ್ಯುತ್ತಾರೆ. ಸತುವೇ ಹೌದು, ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಆದರೆ ಮೇಲಿನ ಗೆರೆಗಳು ಬೆಳ್ಳಿಯವು! ಬೀದರಿನಲ್ಲಿ ಕೋಟೆ ಮಣ್ಣು, ನವಸಾಗರ ಹಾಕಿ ಕಾಯಿಸಿ ಮತ್ತೆ ಕಪ್ಪು ಮಾಡಿ ಕೊಡುವ ಕುಶಲಕರ್ಮಿಗಳು ಇದ್ದಾರೆ. ಆ ಮಣ್ಣು ಸತುವನ್ನು ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ತೂಕಕ್ಕೆ ಹಾಕುವ ಮೊದಲು ಒಂದು ಮೂಲೆ ಉಜ್ಜಿ ನೋಡಿ.

ಬ್ರಹ್ಮಪುರ ಓಣಿ
ಒಂದು ಚಿಕ್ಕ ಡಬ್ಬಿ ಇದೆ, ಅವ್ವ ಅಡಿಕೆ ಹಾಕುತ್ತಿದ್ದದ್ದು. ಕೊಟ್ಟಿಲ್ಲ. ಬೀದರಿಗೆ ಬಂದಾಗ ತರುತ್ತೇನೆ.

ದೇವರ ಫೋಟೋದ್ದು ಯಾರೂ ಹೇಳಲಿಲ್ಲ. ಊರಿನ ಅಪ್ಪನ ಕೆರೆಗೆ (ಶರಣಬಸವೇಶ್ವರ ಕೆರೆಗೆ) ಬಿಡಿ ಅಂತ ಅವ್ವ ಹೇಳುತ್ತಾಳೆ.

ಕೌದಿ ಅಕ್ಕ
ಕೆರೆಗೆ ಬೇಡ ತಮ್ಮಾ. ಅರಳಿ ಮರದ ಕೆಳಗೂ ಬೇಡ. ಅಲ್ಲಿ ಬಿಸಿಲಿಗೆ, ಮಳೆಗೆ ಗಾಜು ಒಡೆದು, ನಾಯಿ ಮಲಗಿ, ನೋಡಲಿಕ್ಕೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ದೀಪ ಹಚ್ಚಿ, ಒಂದು ಹೂವು ಇಟ್ಟು ಕೈ ಮುಗಿದು, ಕಟ್ಟು ಬಿಚ್ಚಿ. ಗಾಜು ಬೇರೆ, ಕಟ್ಟಿಗೆ ಬೇರೆ, ಮೊಳೆ ಬೇರೆ. ಪೇಪರನ್ನು ನೀರಲ್ಲಿ ನೆನೆಸಿ ತುಳಸಿ ಗಿಡದ ಬುಡಕ್ಕೆ ಹೂಳಿ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಫೋಟೋ ಆದರೆ ಆ ಹಾಳೆ ಸುಲಿದು ತೆಗೆಯಬೇಕು. ಅವ್ವನ ಕೈಯಿಂದಲೇ ಮಾಡಿಸಿ, ಅವರ ಮನಸ್ಸಿಗೂ ಸಮಾಧಾನ.

ಗಂಜ್ ಹುಡುಗ
ಇದು ಸರಿ. ಗಣಪತಿಯದ್ದೂ ಹಾಗೇ ಆಗಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿ ಬೇಡ ಅಂತ 2020ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದೆ, ಈಗಲೂ ಸಾಲಾಗಿ ಇಟ್ಟು ಮಾರುತ್ತಾರೆ.

ಸೇಡಂ ರಸ್ತೆ
ಕೂಲರ್ ಹುಲ್ಲು? ಪ್ರತಿ ಬೇಸಿಗೆಗೆ ಹಳೆಯದು ತೆಗೆದು ಹೊಸದು ಹಾಕುತ್ತೇವೆ. ಓಣಿ ತುಂಬ ಅದೇ ಬಿದ್ದಿರುತ್ತದೆ.

ಆಳಂದ ನಾಕಾ
ಬಿಸಿಲಲ್ಲಿ ಒಣಗಿಸಿ ಕೊಡವಿ, ಮೇಲೆ ಹತ್ತಿದ ಬಿಳಿ ಉಪ್ಪು ಉದುರಲಿ. ಆಮೇಲೆ ಗಿಡದ ಬುಡಕ್ಕೆ ಮುಚ್ಚಿಗೆ ಹಾಕಿ. ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಹುಲ್ಲು ಹಾಸಿದರೆ ಹಸಿ ಉಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಬಲೆ ತೆಗೆಯುವುದು ಮರೆಯಬೇಡಿ.

ವಿಜ್ಞಾನ ಮೇಷ್ಟ್ರು
ಥರ್ಮಾಕೋಲ್ ಉಳಿಯಿತು. ಅದರಲ್ಲಿ ಹೆಚ್ಚಿನದ್ದು ಗಾಳಿ, ತೂಕ ಬರುವುದಿಲ್ಲ, ಹಾಗಾಗಿ ಯಾರೂ ಕೊಳ್ಳುವುದಿಲ್ಲ. ಶಾಲೆಗೆ ಕೊಡಿ, ಮಕ್ಕಳು ಮಾದರಿ ಮಾಡುತ್ತಾರೆ. ಪುಡಿ ಮಾಡಬೇಡಿ, ಗಾಳಿಗೆ ಹಾರಿದ ಗುಂಡನ್ನು ಮತ್ತೆ ಆರಿಸಲು ಆಗುವುದಿಲ್ಲ. ಕ್ಯಾಸೆಟ್‌ನಲ್ಲಿ ಮನೆಯವರ ದನಿ ಇದ್ದರೆ ಮೊದಲು ಮೊಬೈಲಿಗೆ ಇಳಿಸಿಕೊಳ್ಳಿ. ರೀಲು ಮರುಬಳಕೆ ಆಗುವುದಿಲ್ಲ, ಒಣ ಕಸಕ್ಕೆ ಹಾಕಿ.

ಬ್ರಹ್ಮಪುರ ಓಣಿ
ಎಲ್ಲರಿಗೂ ಶರಣು. ಗಾದಿ ಹಿಂಜಲು ಹೋಯಿತು. ಸೀರೆ ಕೌದಿಗೆ ಹೋದವು. ಸೂಜಿ ಬಾಟಲಿಯನ್ನು ಆಸ್ಪತ್ರೆಯವರು ತಗೊಂಡರು, ಇನ್ನು ಮುಂದೆಯೂ ತನ್ನಿ ಅಂದರು. ಉಬ್ಬಿದ ಬ್ಯಾಟರಿ ರಿಪೇರಿ ಅಂಗಡಿಗೆ ಕೊಟ್ಟೆ. ಉಳಿದದ್ದು ಟ್ಯೂಬ್‌ಲೈಟ್, ಸಿಎಫ್ಎಲ್, ಥರ್ಮಾಮೀಟರ್, ರಿಮೋಟ್ ಸೆಲ್ಲು, ಡಬ್ಬಾ ಟಿವಿ. ಮಂಡಳಿ ಕಚೇರಿಯಲ್ಲಿ ಪಟ್ಟಿ ಕೇಳಿದೆ, ಕೊಟ್ಟರು. ಅದರಲ್ಲಿ ಒಬ್ಬರು ಫೋನಿನಲ್ಲಿ, ಒಂದು ಟೆಂಪೋ ತುಂಬುವಷ್ಟು ಆದರೆ ಬರುತ್ತೇವೆ ಅಂದಿದ್ದಾರೆ. ನಮ್ಮ ಹಳೇ ಮನೆಯ ಮುಂದಿನ ಕೋಣೆ ಖಾಲಿ ಇದೆ. ಹತ್ತಿರದವರು ತಂದು ಇಡಬಹುದು. ಟ್ಯೂಬು ಒಡೆದದ್ದಿದ್ದರೆ ಕಟ್ಟಿ, ಮೇಲೆ ಬರೆದು ತನ್ನಿ. ಇನ್ವರ್ಟರ್ ಬ್ಯಾಟರಿ ಬೇಡ, ಅದು ಅಂಗಡಿಗೆ.

ಸೇಡಂ ರಸ್ತೆ
ನಮ್ಮ ಮನೆಯಲ್ಲಿ ಎರಡು ಟಿವಿ ಇವೆ. ಇನ್ನು ಮುಂದೆ ಟ್ಯೂಬು ಹೂಳುವುದಿಲ್ಲ, ಅಲ್ಲಿಗೇ ತರುತ್ತೇನೆ.

ಫ್ರಿಜ್ ರಿಪೇರಿ
ನನ್ನ ಅಂಗಡಿಯಲ್ಲಿ ಸುಟ್ಟ ಸರ್ಕ್ಯೂಟ್ ಬೋರ್ಡ್ ಒಂದು ಗೋಣಿಚೀಲ ಇದೆ. ಟೆಂಪೋ ತುಂಬಲಿಲ್ಲ ಅನ್ನುವ ಚಿಂತೆ ಬೇಡ. ಟಿವಿ ಎತ್ತಲು ಇಬ್ಬರು ಹುಡುಗರನ್ನೂ ಕಳಿಸುತ್ತೇನೆ. ಗಾಜಿನ ಮುಖ ಎದೆಯ ಕಡೆ ಇಟ್ಟು ಹಿಡಿಯಬೇಕು, ಕುತ್ತಿಗೆ ಹಿಡಿದು ಎತ್ತಬಾರದು.

ಗಂಜ್ ಹುಡುಗ
ಅರ್ಜಿ ಬರೆದಿದ್ದೇನೆ. ಸಾಮಾನು ತರಲು ಬಂದವರು ಅಲ್ಲೇ ಸಹಿ ಹಾಕಿ ಹೋಗಿ. ಅಣ್ಣಾ, ಕೋಣೆಯಲ್ಲಿ ಒಂದು ಮೇಜು ಇಟ್ಟಿರಿ.